ದೊಡ್ಡ ಸೊಸೆಯ ನೀಹಾರಿಕೆ

ಆ ಮನೆಯ ದೊಡ್ಡ ಸೊಸೆ ಆಸ್ಪತ್ರೆಯಲ್ಲಿ ಎಕ್ಸ್‌ರೇ ತೆಗೆಯುವವಳು. ಒಂಬತ್ತು ವರ್ಷಗಳಿಂದ ಹಿತ್ತಲಿನಲ್ಲಿ, ಬಟ್ಟೆ ಒಣಗಿಸುವ ತಂತಿಗೂ ನೀರಿನ ತೊಟ್ಟಿಗೂ ನಡುವೆ ದೂರದರ್ಶಕ ನಿಲ್ಲಿಸಿ ನೀಹಾರಿಕೆಗಳ ಫೋಟೋ ತೆಗೆಯುತ್ತಿದ್ದಳು. ಕೆಂಪಗೆ ಹೊಳೆಯುವ ಆ ಅನಿಲದ ಮೋಡಗಳು ಬರಿಗಣ್ಣಿಗೆ ಕಾಣುವುದಿಲ್ಲ. ಬೀದಿದೀಪದ ಬೆಳಕು ತಡೆಯುವ ಫಿಲ್ಟರ್ ಹಾಕಿ, ಐದೈದು ನಿಮಿಷದ ನೂರಾರು ಫೋಟೋ ತೆಗೆದು, ಕಂಪ್ಯೂಟರಿನಲ್ಲಿ ಒಂದರ ಮೇಲೊಂದು ಪೇರಿಸಿದರೆ ಮೆಲ್ಲಗೆ ಮೂಡುತ್ತವೆ. ಇದನ್ನೆಲ್ಲ ಅವಳು ಒಬ್ಬಳೇ ತಪ್ಪು ಮಾಡುತ್ತ ಮಾಡುತ್ತ ಕಲಿತಿದ್ದಳು.

ಮಹಡಿಯಲ್ಲಿದ್ದ ಓರಗಿತ್ತಿಗೆ ಬಣ್ಣದ ಅಂಗಡಿಯಲ್ಲಿ ಕೆಲಸ. ಗಿರಾಕಿ ತಂದ ಚೂರು ಬಟ್ಟೆಗೆ ಹೊಂದುವ ಬಣ್ಣವನ್ನು ಕಣ್ಣಳತೆಯಲ್ಲೇ ಬೆರೆಸುವವಳು. "ನಂಗೂ ಕಲಿಸಿಕೊಡಿ ಅಕ್ಕಾ" ಎಂದಾಗ ದೊಡ್ಡವಳು ಖುಷಿಯಿಂದಲೇ ಕಲಿಸಿದಳು. ವರ್ಷ ತುಂಬುವುದರೊಳಗೆ ಚಿಕ್ಕವಳು ತನ್ನದೇ ಸಣ್ಣ ದೂರದರ್ಶಕ ಕೊಂಡಳು. ಆ ಚಳಿಗಾಲ ಇಬ್ಬರೂ ಒಂದೇ ನೀಹಾರಿಕೆಯನ್ನು ತೆಗೆದರು, ಅರಳಿದ ಗುಲಾಬಿಯಂತಿರುವುದು.

ಅತ್ತೆ ಕನ್ನಡಕ ಏರಿಸಿ ಎರಡೂ ಪ್ರಿಂಟ್ ನೋಡಿದರು.

"ನಿಂದು ಚೆನ್ನಾಗೇ ಇದೆ ಕಣೆ. ಆದ್ರೆ ಇವಳದು ಮುಟ್ಟಿದ್ರೆ ಕೈಗೆ ಅಂಟುತ್ತೇನೋ ಅನ್ನೋ ಹಾಗಿದೆ."

ದೊಡ್ಡವಳು ನಕ್ಕಳು. ನಕ್ಕ ಬಾಯಿ ಮುಚ್ಚಿಕೊಳ್ಳಲು ಸ್ವಲ್ಪ ಹೊತ್ತು ಹಿಡಿಯಿತು. ಅದರ ಮೇಲೆ ಬಡಾವಣೆಯ ಗ್ರಂಥಾಲಯದವರು ಚಿಕ್ಕವಳ ಚಿತ್ರವನ್ನು ದೊಡ್ಡದಾಗಿ ಮಾಡಿ ಗೋಡೆಗೆ ಹಾಕುತ್ತೇವೆಂದರು. ದೊಡ್ಡದಾಗಬೇಕಾದರೆ ಇನ್ನಷ್ಟು ಫೋಟೋ ಬೇಕಿತ್ತು. ಚಿಕ್ಕವಳು ಮತ್ತೆ ಹಿತ್ತಲಿಗಿಳಿದಳು. ಎರಡು ರಾತ್ರಿ, ಅವಳು ಕ್ಯಾಮೆರಾ ಹಚ್ಚಿ ಮಲಗಿದ ಮೇಲೆ, ದೊಡ್ಡವಳು ಒಗೆಯುವ ಕಲ್ಲಿನ ಮೇಲಿದ್ದ ಬಲ್ಬು ಹಾಕಿ ಬೆಳಗಿನವರೆಗೆ ಆರಿಸಲಿಲ್ಲ.

ಮೂರನೆಯ ದಿನ ಚಿಕ್ಕವಳು ಲ್ಯಾಪ್‌ಟಾಪ್ ಹಿಡಿದು ಅಡುಗೆಮನೆಗೆ ಬಂದಳು.

"ಎರಡು ದಿನಾನೂ ಹನ್ನೊಂದೂಕಾಲು ಗಂಟೆಯಿಂದ ಬೆಳ್ಳಗಾಗಿದೆ ಅಕ್ಕಾ. ಪ್ರತಿ ಫೋಟೋದಲ್ಲೂ ಟೈಮ್ ಇರುತ್ತೆ. ನೀವೇ ಹೇಳಿಕೊಟ್ಟಿದ್ದು."

ದೊಡ್ಡವಳು ನಲ್ಲಿ ತಿರುಗಿಸಿದಳು. ಕೈಯಲ್ಲಿದ್ದ ಪಾತ್ರೆಯನ್ನು ಇನ್ನೊಮ್ಮೆ ತೊಳೆದಳು.

"ನಾನೇ ಹಾಕಿದ್ದು."

"ಗೊತ್ತು."

"ಅತ್ತೆಗೆ ಹೇಳ್ತೀಯಾ?"

"ಹೇಳಿ ಏನು ಮಾಡ್ಲಿ. ಮೊದಮೊದಲು ನಿಮ್ಮ ಫೋಟೋ ನೋಡಿ ನಾನೂ ಹೊಟ್ಟೆ ಉರ್ಕೊಂಡಿದ್ದೆ."

"ಯಾವ ಫೋಟೋ?" ಎಂದು ದೊಡ್ಡವಳು ತಟ್ಟನೆ ಕೇಳಿದಳು. ಕೇಳಿದ್ದಕ್ಕೆ ನಾಚಿಕೆಯಾದರೂ ಉತ್ತರ ಬೇಕೇ ಬೇಕಿತ್ತು. ಚಿಕ್ಕವಳು ಮೂರು ಫೋಟೋಗಳನ್ನು ಹೆಸರಿಸಿ ಹೇಳಿದಳು. ಆ ರಾತ್ರಿ ದೊಡ್ಡವಳಿಗೆ ಊಟ ರುಚಿಸಿತು.

ಮಾರನೆಯ ದಿನದಿಂದ ಮೋಡ ಕವಿಯಿತು. ಗ್ರಂಥಾಲಯದವರ ಗಡುವು ಹತ್ತಿರವಾಯಿತು. ದೊಡ್ಡವಳು ಯಾರೂ ಕೇಳದಿದ್ದರೂ ಅದೇ ನೀಹಾರಿಕೆಯ ಹದಿನೇಳು ಗಂಟೆಗಳ ತನ್ನ ಫೋಟೋಗಳನ್ನೆಲ್ಲ ಚಿಕ್ಕವಳ ಕೈಗಿತ್ತಳು. ಇಬ್ಬರ ಫೋಟೋಗಳನ್ನೂ ಸೇರಿಸಿ ಪೇರಿಸಿದ ಚಿತ್ರದಲ್ಲಿ, ಹಿಂದೆ ಇಬ್ಬರಿಗೂ ಸಿಗದಿದ್ದ ಸಣ್ಣ ಕಪ್ಪು ಎಳೆಗಳೂ ಕಂಡವು. ಬಣ್ಣ ಕೊಟ್ಟವಳು ಚಿಕ್ಕವಳು. ಕೆಳಗೆ ಇಬ್ಬರ ಹೆಸರೂ ಅಚ್ಚಾಯಿತು, ದೊಡ್ಡವಳದೇ ಮೊದಲು.

ಆ ಭಾನುವಾರ ದೊಡ್ಡವಳು ಒಬ್ಬಳೇ ಗ್ರಂಥಾಲಯಕ್ಕೆ ನೋಡಲು ಹೋದಳು. ಪುಸ್ತಕ ಹಿಂತಿರುಗಿಸಲು ಬಂದಿದ್ದ ಹೆಂಗಸೊಬ್ಬಳು ಚಿತ್ರದ ಮುಂದೆ ನಿಂತು ಗೆಳತಿಗೆ, "ಬಣ್ಣ ನೋಡೇ, ಎಷ್ಟು ಚೆಂದ" ಎಂದಳು. ದೊಡ್ಡವಳು ಪಕ್ಕದಲ್ಲೇ ನಿಂತು, ತನ್ನ ಫೋಟೋ ಸೇರಿದ್ದರಿಂದ ಮೂಡಿದ ಆ ಕಪ್ಪು ಎಳೆಗಳ ಬಗ್ಗೆಯೂ ಏನಾದರೂ ಹೇಳುತ್ತಾಳೇನೋ ಎಂದು ಬಹಳ ಹೊತ್ತು ಕಾದಳು.