ಮಾರಿ ಎಂಬ ಮಾತಿಗೆ ನಾನು ಹೇಳಿದ ಅರ್ಥ

ಒಬ್ಬ ಹೆಣ್ಣುಮಗಳು ನಿಜವನ್ನೇ ಹೇಳಿದ್ದಳು; ನಾನು ಅದನ್ನು ಸುಳ್ಳು ಮಾಡಿದೆ. ಬೇರೆ ಕತೆ ಕಟ್ಟಿ ಅಲ್ಲ — ಅವಳು ಆಡಿದ ಒಂದೇ ಒಂದು ಮಾತಿಗೆ ಎರಡು ಅರ್ಥಗಳಿದ್ದವು, ಅದರಲ್ಲಿ ನನಗೆ ಅನುಕೂಲವಾದದ್ದನ್ನು ಆರಿಸಿ ಹೇಳಿದೆ. ಅವಳ ಹೆಸರು ಗಂಗವ್ವ. ನಮ್ಮೂರಿನಲ್ಲಿ ಕುರಿ ಸಾಕಿಕೊಂಡಿದ್ದ ಮಾಳಪ್ಪನ ಹೆಂಡತಿ. ನನ್ನ ಬಂದೂಕಿನಿಂದ ಅವಳ ಎಡಗಣ್ಣು ಹೋಯಿತು. ನನ್ನ ಬಾಯಿಂದ ಅವಳ ಸಂಸಾರ ಹೋಯಿತು. ಮೊದಲನೆಯದು ಊರಿಗೆಲ್ಲ ಗೊತ್ತು. ಎರಡನೆಯದನ್ನು ಮೂವತ್ತು ವರ್ಷ ನಾನು ಯಾರಿಗೂ ಹೇಳಲಿಲ್ಲ.

ನಮ್ಮ ಬೀದರ ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿದ ಹೊಸತು ಅದು. ಭಾಲ್ಕಿಯ ಕಚೇರಿಯಲ್ಲಿ ಉರ್ದು ಕಾಗದಗಳು ಕಪಾಟು ಸೇರುತ್ತಿದ್ದವು, ಮೇಜಿನ ಮೇಲೆ ಕನ್ನಡ ಬಂದು ಕೂರುತ್ತಿತ್ತು. ಆದರೆ ಯಾವ ಕನ್ನಡ? ಮೈಸೂರಿನ ಕಡೆಯಿಂದ ಬಂದ ಸಾಹೇಬರ ಮಾತು ನಮ್ಮ ಜನಕ್ಕೆ ಅರ್ಧ ತಿಳಿಯದು, ನಮ್ಮ ಜನರ ಮಾತು ಅವರಿಗೆ ಪೂರ್ತಿ ತಿಳಿಯದು. ನಾನು ಹೈದರಾಬಾದಿನಲ್ಲಿ ಓದಿದವನು, ಮೈಸೂರಿನ ಪುಸ್ತಕಗಳನ್ನು ತರಿಸಿಕೊಂಡು ಓದುತ್ತಿದ್ದವನು. ಯಾರಿಗೆ ಏನು ತಿಳಿಯದಿದ್ದರೂ ನನ್ನನ್ನೇ ಕರೆಯುತ್ತಿದ್ದರು. ಇಪ್ಪತ್ತಾರರ ವಯಸ್ಸು. ಪಾಟೀಲರ ಮಗ ಎರಡೂ ಕನ್ನಡ ಬಲ್ಲ ಎಂದು ಜನ ಅಂದರೆ ನನಗೆ ನೆಲ ಕಾಣುತ್ತಿರಲಿಲ್ಲ.

ಆ ದಿನಗಳನ್ನು ನೆನೆದರೆ ಈಗಲೂ ಅರೆನಿದ್ದೆಯಲ್ಲಿ ಕಂಡಂತೆಯೇ ಕಾಣುತ್ತವೆ. ಅಪ್ಪ ತೀರಿಕೊಂಡಿದ್ದರು. ಪಕ್ಕದ ಊರು ಭಾತಂಬ್ರಾದ ಆಚೆ ನಮ್ಮದೊಂದು ಕರಿಮಣ್ಣಿನ ಹೊಲ, ಅದರ ತುದಿಗೆ ಬಿತ್ತದೆ ಬಿಟ್ಟ ಪಾಳು ತುಂಡು. ನನಗೆ ಬಂದೂಕಿನ ಹುಚ್ಚು. ಬೇಟೆಯದಲ್ಲ — ಒಂದು ಜೀವವನ್ನೂ ಕೊಂದವನಲ್ಲ ನಾನು. ದೂರದಲ್ಲೊಂದು ಗುರುತು ಇಟ್ಟು, ಉಸಿರು ಹಿಡಿದು, ಜಗತ್ತೆಲ್ಲ ಆ ಗುರುತಿನಷ್ಟೇ ಆಗುವವರೆಗೆ ಕಾಯುವುದಿದೆಯಲ್ಲ, ಅದರ ಹುಚ್ಚು. ಲೈಸೆನ್ಸು ಮಾಡಿಸಿ ಸಣ್ಣ ರೈಫಲ್ಲೊಂದನ್ನು ತಂದೆ. ಬೀದರಿನಲ್ಲಿ ನಿಜಾಮರ ಫೌಜಿನಲ್ಲಿದ್ದು ನಿವೃತ್ತನಾದ ಒಬ್ಬ ಮುದುಕ ಜಮಾದಾರನಿದ್ದ. ಅವನನ್ನು ಗಾಡಿ ಕಟ್ಟಿಸಿ ಹೊಲಕ್ಕೆ ಕರೆತಂದೆ.

ಜಮಾದಾರ ಪಾಳು ತುಂಡಿನ ಮೇಲೆ ಐವತ್ತು ಹೆಜ್ಜೆ ಎಣಿಸಿ ನಡೆದ. ಪೂರ್ವಕ್ಕೆ ಬೆನ್ನು ಮಾಡಿ ನಿಂತು ಹೊಡೆಯುವಂತೆ ಜಾಗ ಗುರುತು ಮಾಡಿದ. ಮುಂಜಾನೆಯ ಸೂರ್ಯ ಕಣ್ಣಿಗೆ ಹೊಡೆಯಬಾರದಲ್ಲ. ಎದುರಿಗೆ ಎರಡಾಳೆತ್ತರದ ಮಣ್ಣಿನ ಏರಿ ಹಾಕಿಸಿದ. ಏರಿಗೆ ಬೀದರಿನ ಕಡೆಯಿಂದ ಕೆಂಪು ಮಣ್ಣು ತರಿಸಿ, ಜರಡಿ ಹಿಡಿಸಿದ.

"ಇದರಾಗ ಒಂದು ಹಳ್ಳು ಸೈತ ಇರಬಾರದು ನೋಡು, ಛೋಟೇ ಪಾಟೀಲ. ಮಣ್ಣು ಗುಂಡು ನುಂಗ್ತದ. ಕಲ್ಲು ತಿರುಗಿಸಿ ಉಗುಳ್ತದ."

ಏರಿಯ ಮುಂದೆ ಸುಣ್ಣ ಬಳಿದ ಹಲಗೆ, ನಡುವೆ ಮಸಿಯಿಂದ ಬರೆದ ಕರಿಯ ದುಂಡು ಬೊಟ್ಟು. ಅದಕ್ಕೆ ಚಾಂದ ಎನ್ನುತ್ತಾರೆ, ಹೊಡೆಯುವ ಜಾಗಕ್ಕೆ ಚಾಂದಮಾರಿ ಎನ್ನುತ್ತಾರೆ ಎಂದ. ಏರಿಯ ನೆತ್ತಿಗೆ ಒಂದು ಬಿದಿರು ನೆಡಿಸಿ ಕೆಂಪು ಬಟ್ಟೆ ಕೊಟ್ಟ. ಹೊಡೆಯುವಾಗ ಏರಿಸಬೇಕು, ಮುಗಿದ ಮೇಲೆ ಇಳಿಸಬೇಕು. ಝಂಡಾ ಕಂಡರೆ ಜನ ದೂರ ಇರುತ್ತಾರೆ. ಪಾಪ, ಅದು ಫೌಜಿನವರ ಶಾಸ್ತ್ರ.

ನಮ್ಮ ಜನಕ್ಕೆ ಕೆಂಪು ಝಂಡಾ ಕಂಡರೆ ಅಲ್ಲಿ ದೇವರಿದೆ ಎಂದು ಅರ್ಥ. ಕರಿ ಭೂಮಿಯ ನಡುವೆ ರಾತ್ರೋರಾತ್ರಿ ಎಂಬಂತೆ ಎದ್ದ ಕೆಂಪು ದಿಬ್ಬ, ಅದರ ಮೇಲೆ ಕೆಂಪು ನಿಶಾನೆ, ಕೇಳಿದರೆ ಹೆಸರು ಚಾಂದಮಾರಿ! ಒಂದು ಬಾಯಿಂದ ಇನ್ನೊಂದು ಬಾಯಿಗೆ ಹೋಗುವಷ್ಟರಲ್ಲಿ ಅದು ಚಂದಮಾರಿಯಾಯಿತು. ಮಾರಿದೇವಿ ಪಾಟೀಲರ ಹೊಲಕ್ಕೆ ಬಂದಾಳ ಎಂದಾಯಿತು. ಇನ್ನು ಬಂದೂಕಿನ ಸದ್ದು? ಹಬ್ಬದಲ್ಲಿ ದೇವರ ಮುಂದೆ ಗರ್ನಾಲು ಹಾರಿಸುವುದಿಲ್ಲವೇ — ಪಾಟೀಲರು ಬಾರು ಹಾರಿಸಿ ದೇವಿಯ ಸೇವೆ ಮಾಡುತ್ತಾರೆ ಎಂದುಕೊಂಡರು.

ಒಂದು ದಿನ ಹಲಗೆಯ ಕೆಳಗೆ ಒಡೆದ ತೆಂಗಿನಕಾಯಿ ಸಿಕ್ಕಿತು. ಇನ್ನೊಂದು ದಿನ ಚೆಲ್ಲಿದ ಭಂಡಾರ, ಅರಿಶಿನದ ಪುಡಿ. ಆಮೇಲೆ ಒಂದು ಮಂಗಳವಾರ, ಯಾರೋ ತಂದಿಟ್ಟು ಕುಂಕುಮ ಹಚ್ಚಿದ ಒಂದು ಗುಂಡುಕಲ್ಲು. ನಾನು ನಕ್ಕುಬಿಟ್ಟೆ. ಹೊಟ್ಟೆ ಹಿಡಿದುಕೊಂಡು ನಕ್ಕೆ. ಅವ್ವ ನಗಲಿಲ್ಲ. "ಝಂಡಾ ತೆಗಿಯೋ, ಇಲ್ಲಾ ಬಂದೂಕ ಬಿಡು. ಎರಡೂ ಒಂದೇ ಕಡಿ ಬ್ಯಾಡ" ಎಂದಳು. ನಾನು ಎರಡನ್ನೂ ಬಿಡಲಿಲ್ಲ. ಕಲ್ಲನ್ನೂ ತೆಗೆಯಲಿಲ್ಲ. ಜಮಾದಾರನ ಮಾತು ನೆನಪಿರಲಿಲ್ಲವೆಂದಲ್ಲ. ಕುಂಕುಮ ಹಚ್ಚಿದ ಕಲ್ಲನ್ನು ಎತ್ತಿ ಎಸೆಯಲು ಸ್ವಲ್ಪ ಹೆದರಿಕೆ, ಜೊತೆಗೆ — ಹೇಳಿಯೇಬಿಡುತ್ತೇನೆ — ಜನ ನನ್ನ ಹೊಲದ ಕಡೆಗೆ ತಿರುಗಿ ಕೈಮುಗಿಯುವುದು ನನಗೆ ಹಿತವಾಗಿತ್ತು.

ಗಂಗವ್ವನಿಗೆ ಮದುವೆಯಾಗಿ ಆರು ವರ್ಷ, ಮಕ್ಕಳಿರಲಿಲ್ಲ. ಗಂಡ ಕುರಿ ಹೊಡೆದುಕೊಂಡು ಔರಾದಿನ ಕಡೆಗೆ ಹೋದರೆ ತಿಂಗಳುಗಟ್ಟಲೆ ಬರುತ್ತಿರಲಿಲ್ಲ. ಒಮ್ಮೆ ಹೊಲದ ಬದುವಿನ ಮೇಲೆ ಎದುರಾಗಿ, ಸೆರಗು ಸರಿಮಾಡಿಕೊಂಡು, ತಲೆ ತಗ್ಗಿಸಿಯೇ ಕೇಳಿದಳು.

"ಪಾಟೀಲ್ರ, ಝಂಡಾ ಯಾವತ್ತ ಏರಸ್ತೀರಿ? ಐದು ಮಂಗಳಾರ ದೇವಿಗಿ ನಡಕೋಬೇಕಂತ ಬೇಡಿಕೊಂಡೀನಿ."

ನಾನು ಏನು ಹೇಳಬೇಕಿತ್ತು? ಅಯ್ಯೋ ತಂಗೀ, ಅಲ್ಲಿ ದೇವರಿಲ್ಲ, ಅತ್ತ ಬರಬೇಡ ಎನ್ನಬೇಕಿತ್ತು. ಬಾಯಿ ಸವೆಯುತ್ತಿತ್ತೇ? ಆದರೆ ನನಗೆ ತಮಾಷೆ. ಪೂಜಾರಿಯ ಗತ್ತಿನಲ್ಲಿ, "ಮಂಗಳಾರ ಹೊತ್ತು ಏರೂತ್ಲೇ ಏರಸ್ತೀನಿ. ತಪ್ಪಂಗಿಲ್ಲ" ಎಂದೆ. ಅವಳು ನೆಲ ಮುಟ್ಟಿ ಕಣ್ಣಿಗೊತ್ತಿಕೊಂಡು ಹೋದಳು. ನಾಲ್ಕು ಮಂಗಳವಾರ ಅವಳು ಬಂದು ಹೋಗುವವರೆಗೆ ಕಾದು ಆಮೇಲೆ ಹೊಡೆಯಲು ಶುರು ಮಾಡಿದೆ.

ಐದನೆಯ ಮಂಗಳವಾರ ಕಾಯಲಿಲ್ಲ.

ಚಳಿಗಾಲದ ಮುಂಜಾವು. ಪಾಳು ತುಂಡಿನ ಸುತ್ತ ಜೋಳ ಎದೆಯೆತ್ತರ ನಿಂತಿತ್ತು, ಮಂಜು ಅದರ ಮೇಲೆ ಹಾಸಿಕೊಂಡಿತ್ತು. ಹಲಗೆ ಕಾಣುತ್ತಿರಲಿಲ್ಲ, ಕರಿಯ ಚಾಂದವೊಂದೇ ಗಾಳಿಯಲ್ಲಿ ತೇಲಿದಂತೆ ಕಾಣುತ್ತಿತ್ತು. ಅಷ್ಟು ಚೆಲುವಾದ ಬೆಳಗನ್ನು ನಾನು ಮತ್ತೆ ನೋಡಿಲ್ಲ. ಝಂಡಾ ಏರಿಸಿ ಬಂದು ಬಂದೂಕು ಹಿಡಿದು ಬೋರಲು ಮಲಗಿದೆ, ಉಸಿರು ಹಿಡಿದೆ. ಏರಿಯ ಬಗಲಿಗೆ ಏನೋ ಅಲುಗಿತು. ಜೋಳದ ಗರಿ ಅಂದುಕೊಂಡೆ. ಅಂದುಕೊಂಡೆನೋ, ಅಂದುಕೊಳ್ಳಬೇಕೆಂದು ಬಯಸಿದೆನೋ — ಎಷ್ಟು ಕೆದಕಿದರೂ ಈಗ ತಿಳಿಯುತ್ತಿಲ್ಲ. ಬೆರಳು ಎಳೆಯಿತು. ಗುಂಡು ಕೆಳಗೆ ಹೋಯಿತು, ಕುಂಕುಮದ ಕಲ್ಲಿಗೆ ಬಡಿಯಿತು. ಕಲ್ಲಿನ ಚಕ್ಕೆ ಹಾರಿ ಕೈಮುಗಿದು ನಿಂತಿದ್ದವಳ ಕಣ್ಣಿಗೆ ಹೊಕ್ಕಿತು.

ಅವಳು ಕೂಗಲಿಲ್ಲ. "ಯವ್ವಾ, ಏನು ತಪ್ಪಾತವ್ವಾ" ಎಂದಳು. ನನಗಲ್ಲ, ದೇವಿಗೆ.

ಊರು ಸೇರಿತು. ಅಂದು ಪೊಲೀಸು ಸಾಹೇಬರು ಬೇರೆ ಯಾವುದೋ ಕೆಲಸಕ್ಕೆ ಭಾತಂಬ್ರಾಕ್ಕೆ ಬಂದಿದ್ದವರು, ಸುದ್ದಿ ತಿಳಿದು ನಮ್ಮಲ್ಲಿಗೇ ಬಂದರು. ಹೊಸಬರು, ಮೈಸೂರು ಕಡೆಯವರು, ಒಳ್ಳೆಯವರೇ. ಗಂಗವ್ವನನ್ನು ಬೀದರಿನ ದವಾಖಾನೆಗೆ ಒಯ್ಯಲು ಗಾಡಿಯಲ್ಲಿ ಮಲಗಿಸಿದ್ದರು. ಹೊರಡುವ ಮುಂಚೆ ಎರಡೇ ಮಾತು ಕೇಳುತ್ತೇನೆಂದು ಅವರು ಗಾಡಿಯ ಬಳಿ ಬಗ್ಗಿದರು.

"ಕೆಂಪು ಬಾವುಟ ಹಾರ್ತಿತ್ತಲ್ಲಮ್ಮ, ನೋಡ್ಲಿಲ್ವಾ?"

ಬಾವುಟ ಎಂದರೆ ಅವಳಿಗೆ ತಿಳಿಯಲಿಲ್ಲ. ಝಂಡಾ ಎಂದು ನಾನೇ ಹೇಳಿದೆ.

"ನೋಡೀನ್ರಿ. ಝಂಡಾ ಏರಿತ್ತು, ಅದಕ್ಕೇ ಬಂದೆ. ಮಾರಿ ನೋಡ್ಲಿಕ್ಕ ಬಂದಿದ್ದೆರಿ."

ಗಾಡಿ ಹೊರಟಿತು. ಸಾಹೇಬರು ನಮ್ಮ ಪಡಸಾಲೆಯಲ್ಲಿ ಕೂತು ಪಂಚನಾಮೆ ಬರೆಯತೊಡಗಿದರು. ಊರಿನ ನಾಲ್ವರು ಪಂಚರು ಸುತ್ತ ಕೂತಿದ್ದರು. ಬರೆಯುತ್ತ ಅವರ ಲೇಖನಿ ನಿಂತಿತು.

"ಮಾರಿ ನೋಡೋಕೆ ಅಂದ್ಲಲ್ಲ, ಮಾರಿ ಅಂದ್ರೆ? ಮಾರಮ್ಮನಾ?"

ಅವರು ಸರಿಯಾಗಿಯೇ ಹಿಡಿದಿದ್ದರು. ನಾನು ಹೌದು ಎಂದಿದ್ದರೆ ಸಾಕಿತ್ತು. ಆದರೆ ಹೌದು ಎಂದರೆ ಮುಂದಿನ ಪ್ರಶ್ನೆ — ಜನ ಇಲ್ಲಿ ಪೂಜೆಗೆ ಬರುವುದು ನಿಮಗೆ ಗೊತ್ತಿತ್ತೇ? ಗೊತ್ತಿದ್ದೂ ಗುಂಡು ಹಾರಿಸಿದಿರಾ? ಲೈಸೆನ್ಸು ಹೋಗುತ್ತದೆ, ಮೇಲೆ ಕೋರ್ಟಿನ ಖಟ್ಲೆ. ಇದೆಲ್ಲ ಒಂದು ರೆಪ್ಪೆ ಬಡಿಯುವಷ್ಟರಲ್ಲಿ ತಲೆಯೊಳಗೆ ಓಡಿತು. ನಾನು ಹೇಳಿದೆ —

"ಇಲ್ಲ ಸಾಹೇಬ್ರೇ. ನಮ್ಮ ಕಡೆ ಮಾರಿ ಅಂದರೆ ಮುಖ."

ನೋಡಿ, ಅದು ಸುಳ್ಳಲ್ಲ. ನಮ್ಮ ಕಡೆ ಮಾರಿ ಎಂದರೆ ಮುಖವೇ. ಯಾವ ನಿಘಂಟನ್ನಾದರೂ ತೆಗೆಯಿರಿ. ಅದಕ್ಕೇ ಅದು ಸುಳ್ಳಿಗಿಂತ ಹೊಲಸು.

"ಮುಖಾನಾ? ಯಾರ ಮುಖ?" ಎಂದರು ಸಾಹೇಬರು.

ಹಲಗೆಯ ಮುಖ ಎಂದು ಹೇಳಿ ತಪ್ಪಿಸಿಕೊಳ್ಳುವ ಯೋಚನೆಯಿತ್ತು ನನಗೆ. ನಾಲಿಗೆ ಏಳಲಿಲ್ಲ. ಸಾಹೇಬರು ನನ್ನನ್ನೊಮ್ಮೆ ನೋಡಿದರು — ಇಪ್ಪತ್ತಾರರ ಗಂಡಸು, ಇಸ್ತ್ರಿ ಮಾಡಿದ ಅಂಗಿ — ಮೀಸೆಯಡಿ ಸಣ್ಣಗೆ ನಕ್ಕು ಬರೆದುಕೊಂಡರು. ಬರೆದದ್ದನ್ನು ಓದಿ ಹೇಳಿದರು: ಬಾವುಟವನ್ನು ಕಂಡೂ, ಮುಖ ನೋಡುವ ಆಸೆಯಿಂದ ಬಂದುದಾಗಿ ತಿಳಿಸಿರುತ್ತಾಳೆ. ಪಂಚರಲ್ಲೊಬ್ಬ ಕೆಮ್ಮಿದ. ಇನ್ನೊಬ್ಬ, "ಯಾರ ಮಾರಿ ಅಂಬೂದು ಕೇಳೂದೇನದರಿ" ಎಂದ. ಎಲ್ಲರೂ ಹೆಬ್ಬೆಟ್ಟು ಒತ್ತಿದರು. ನನ್ನ ಮೇಲೆ ಖಟ್ಲೆ ಆಗಲಿಲ್ಲ.

ಇಪ್ಪತ್ತು ದಿನಕ್ಕೆ ಗಂಗವ್ವ ಬೀದರಿನಿಂದ ಬರುವಷ್ಟರಲ್ಲಿ ಆ ಮಾತು ಅವಳಿಗಿಂತ ಮುಂಚೆ ಮನೆ ಮುಟ್ಟಿತ್ತು. ಗಂಡ ಊರಲ್ಲಿಲ್ಲದಾಗ, ಹೊತ್ತು ಮೂಡುವಾಗ, ಒಬ್ಬಳೇ ಪಾಟೀಲನ ಮಾರಿ ನೋಡಲು ಹೋಗಿದ್ದಳಂತೆ — ಸರಕಾರಿ ಕಾಗದದಲ್ಲೇ ಬರೆದಾರಂತೆ. ಬೆಂಕಿ ಇಲ್ಲದೆ ಹೊಗೆಯಾಡುತ್ತದೆಯೇ ಎಂದರು. ಮಾಳಪ್ಪ ಕುರಿ ಬಿಟ್ಟು ಬಂದ. ಬಾಗಿಲಲ್ಲೇ ನಿಂತು, "ಯಾರ ಮಾರಿ ನೋಡ್ಲಿಕ್ಕ ಹೋಗಿದ್ದಿ?" ಎಂದು ಕೇಳಿದನಂತೆ. ದೇವಿಗೆಂದೇ ಹೋಗಿದ್ದೆ ಎಂದು ಅವಳು ಆಣೆ ಮಾಡಿದಳಂತೆ. ಮರುದಿನವೇ ಅವಳ ಅಣ್ಣನಿಗೆ ಹೇಳಿಕಳಿಸಿದ. ಔರಾದಿನ ಕಡೆಯ ಒಂದು ಹಳ್ಳಿಯಿಂದ ಅಣ್ಣ ಗಾಡಿ ತಂದು ಅವಳನ್ನು ಕರೆದುಕೊಂಡು ಹೋದ. ಗಾಡಿ ನಮ್ಮ ಮನೆಯ ಮುಂದೆಯೇ ಹೋಯಿತು. ಕಣ್ಣಿಗೆ ಬಿಳಿ ಅರಿವೆ ಕಟ್ಟಿಕೊಂಡು ಅವಳು ಹಿಂದುಮುಖವಾಗಿ ಕೂತಿದ್ದಳು.

ಅವ್ವ ನನ್ನ ತೋಳು ಹಿಡಿದು ಅಲುಗಾಡಿಸಿದಳು. "ಹೋಗೋ, ಒಂದ ಮಾತ ಹೇಳೋ. ಆಕಿ ದೇವರಿಗಿ ಬಂದಿದ್ಳು ಅಂತ ನಿನಗ ಗೊತ್ತದಲ್ಲೋ." ಈಗ ನಾನು ಬಾಯಿ ಬಿಟ್ಟರೆ ಜನ ಇನ್ನಷ್ಟು ಆಡಿಕೊಳ್ಳುತ್ತಾರೆ, ಅವಳಿಗೇ ಕೆಟ್ಟದ್ದು ಎಂದೆ. ಎಂಥ ಚೆಂದದ ನೆಪ! ಅದನ್ನು ಹೊದ್ದುಕೊಂಡು ಮೂವತ್ತು ವರ್ಷ ಮಲಗಿದೆ. ಅವ್ವ ಸಾಯುವವರೆಗೂ ನನ್ನೊಡನೆ ಆ ಮಾತೆತ್ತಲಿಲ್ಲ. ಅಂದಿನ ಹಾಗೆ ತೋಳು ಮುಟ್ಟಿ ಮಾತಾಡಿಸಲೂ ಇಲ್ಲ. ಬಂದೂಕನ್ನು ಕೆಲವು ದಿನಗಳಲ್ಲೇ ಬೀದರಿಗೆ ಒಯ್ದು ಸರಕಾರಕ್ಕೆ ಒಪ್ಪಿಸಿದೆ. ಅದನ್ನು ಪ್ರಾಯಶ್ಚಿತ್ತವೆಂದು ಎಣಿಸಿಕೊಂಡಿದ್ದೆ, ಥೂ. ಮಾಳಪ್ಪ ಇನ್ನೊಂದು ಮದುವೆಯಾದ, ಗಂಡುಮಕ್ಕಳಾದವು. ರಾಜ್ಯದ ಹೆಸರೂ ಬದಲಾಯಿತು.

ಕಳೆದ ತಿಂಗಳು ಔರಾದಿನ ಕಡೆಯ ಆ ಹಳ್ಳಿಗೆ ಹೋದೆ. ಯಾಕೆ ಈಗ ಎಂದು ಕೇಳಬೇಡಿ. ವಯಸ್ಸಾದವನಿಗೆ ನಿದ್ದೆ ಕಡಿಮೆ, ಅಷ್ಟೇ. ಗಂಗವ್ವ ಅಣ್ಣನ ಮನೆಯ ಅಂಗಳದಲ್ಲಿ ಉಣ್ಣೆ ಹಿಂಜುತ್ತ ಕೂತಿದ್ದಳು. ತಲೆ ಪೂರ್ತಿ ಬೆಳ್ಳಗೆ. ಬಲಗಣ್ಣಿನಿಂದ ನನ್ನನ್ನು ಗುರುತು ಹಿಡಿದಳು, ಚಾಪೆ ಹಾಸಿಸಿದಳು, ನೀರು ಕೊಡಿಸಿದಳು. ನಾನು ಎಲ್ಲವನ್ನೂ ಹೇಳಿದೆ — ಸಾಹೇಬರು ಕೇಳಿದ್ದು, ನಾನು ಹೇಳಿದ್ದು, ಆಮೇಲೆ ಹೇಳದೆ ಉಳಿದದ್ದು. ಅವಳ ಕೈ ಉಣ್ಣೆಯ ಮೇಲೆ ನಿಂತಿತು. ಕ್ಷಮಿಸು ಎಂಬ ಮಾತು ನನ್ನ ಬಾಯಿಗೆ ಬಂದಿತ್ತು. ಅಷ್ಟರಲ್ಲಿ ಅವಳೇ ಹೇಳಿದಳು.

"ನನಗ ಯಾಕ ಹೇಳ್ತೀರಿ, ಪಾಟೀಲ್ರ? ನಾ ಯಾಕ ಹೋಗಿದ್ದೆ ಅಂಬೂದು ನನಗ ಗೊತ್ತೇ ಅದ. ಗೊತ್ತಿಲ್ಲದವರಿಗಿ ಹೇಳ್ರಿ."

ಮತ್ತೆ ಉಣ್ಣೆ ಹಿಂಜತೊಡಗಿದಳು. ನಾನು ಎದ್ದು ಬಂದೆ.

ಬಸ್ಸಿಳಿದವನು ಮನೆಗೆ ಹೋಗಲಿಲ್ಲ. ಊರಕಟ್ಟೆಯ ಮೇಲೆ ಮಾಳಪ್ಪ ಕೂತಿದ್ದ, ಜೊತೆಗೆ ಏಳೆಂಟು ಜನ. ಆ ಪಂಚರಲ್ಲಿ ಬದುಕಿರುವ ಒಬ್ಬನೂ ಇದ್ದ. ನಿಂತುಕೊಂಡೇ ಹೇಳಿದೆ. ಗಂಗವ್ವ ದೇವರಿಗೆ ಬಂದಿದ್ದಳು, ಬಾ ಅಂದವನು ನಾನೇ, ಮಾರಿಯನ್ನು ಮುಖ ಮಾಡಿದವನೂ ನಾನೇ ಎಂದೆ. ಯಾರಾದರೂ ಉಗಿಯಲಿ ಎಂದು ಕಾದೆ. ಯಾರೂ ಉಗಿಯಲಿಲ್ಲ. ಮಾಳಪ್ಪ ತನ್ನ ಕೈಗಳನ್ನು ನೋಡಿಕೊಳ್ಳುತ್ತ ಕೂತಿದ್ದ.

"ಆಕಿನೂ ಇದೇ ಹೇಳಿದ್ಳರಿ" ಎಂದ. ಮತ್ತೊಮ್ಮೆ, ತನಗೆ ತಾನೇ ಅಂದ. "ಇದೇ ಹೇಳಿದ್ಳು."