ಮಣ್ಣಿನ ಗೋಡೆಯ ಕೆಳಗೆ ಅಕುಲಿನಾ

ಚಳಿಗಾಲದಲ್ಲಿ ಹೆಪ್ಪುಗಟ್ಟುವ ಕೊಲಿಮಾ ನದಿಯ ಎತ್ತರದ ದಡದ ಮೇಲಿರುವ ನಮ್ಮೂರಿನಲ್ಲಿ ಅಕುಲಿನಾ ಇಪ್ಪತ್ತೇಳು ವರ್ಷ ನದಿಯ ನೀರು ಅಳೆದವಳು. ಬೆಳಿಗ್ಗೆ ಎಂಟಕ್ಕೊಮ್ಮೆ, ಸಂಜೆ ಎಂಟಕ್ಕೊಮ್ಮೆ ದಡ ಇಳಿದು ಅಳತೆಕೋಲು ನೋಡುವುದು, ನೀರಿಗೆ ಥರ್ಮಾಮೀಟರ್ ಬಿಡುವುದು, ಪುಸ್ತಕದಲ್ಲಿ ಬರೆಯುವುದು. ಗಂಡ ತೀರಿಕೊಂಡ ದಿನವೂ ಬರೆದಿದ್ದಳು. ನಾನು ಇಲ್ಲಿನ ಶಾಲೆಯ ಟೀಚರು, ಹತ್ತೊಂಬತ್ತು ವರ್ಷದಿಂದ ಅವಳ ನೆರೆಯವಳು. ಅವಳು ದನಿ ಎತ್ತಿ ಕೂಗಿದ್ದನ್ನು ನಾನು ಕೇಳಿದ್ದು ಒಂದೇ ಸಲ.

ಅದಕ್ಕೆ ಹಿಂದಿನ ಬೇಸಿಗೆಯಲ್ಲಿ ಯಾಕುತ್ಸ್ಕ್ ನಗರದಿಂದ ತುಯಾರಾ ಎಂಬ ಸಂಶೋಧಕಿ ಬಂದಿದ್ದಳು. ಅಕುಲಿನಾಳ ಅಡುಗೆಮನೆಯಲ್ಲಿ ಹಾಲು ಬೆರೆಸಿದ ಚಹಾ ಕುಡಿಯುತ್ತಾ ತನ್ನ ಕಷ್ಟ ಹೇಳಿಕೊಂಡಳು.

"ನಮ್ಮ ನೆಲದೊಳಗೆ ಸಾವಿರಾರು ವರ್ಷದಿಂದ ಹೆಪ್ಪುಗಟ್ಟಿ ಕೂತಿರೋ ಹುಲ್ಲು, ಬೇರು ಎಲ್ಲ ಈಗ ಕರಗ್ತಾ ಇದೆ ಅಕ್ಕಾ. ಅದರಲ್ಲಿರೋ ಇಂಗಾಲ ನದಿಗೆ ಸೇರಿ ಸಮುದ್ರದ ಕಡೆ ಹೋಗ್ತದೆ. ಎಷ್ಟು ಹೋಗ್ತದೆ, ಎಷ್ಟು ಹಳೇದು ಹೋಗ್ತದೆ, ಸರಿಯಾದ ಲೆಕ್ಕವೇ ಸಿಗ್ತಿಲ್ಲ."

"ವರ್ಷಾ ವರ್ಷಾ ಬಂದು ಬಾಟಲಿ ತುಂಬ್ಕೊಂಡು ಹೋಗ್ತೀರಲ್ಲ?"

"ನಾವು ಬರೋದು ಜುಲೈಗೆ. ವರ್ಷದ ಇಂಗಾಲದಲ್ಲಿ ಅರ್ಧ ಪಾಲು, ನದಿಯ ಮಂಜುಗಡ್ಡೆ ಒಡೆದು ಪ್ರವಾಹ ಬರೋ ಮೂರು ವಾರದಲ್ಲೇ ಹೋಗಿಬಿಡ್ತದೆ. ಆಗ ಇಲ್ಲಿಗೆ ವಿಮಾನ ಇಲ್ಲ, ದೋಣಿ ಇಲ್ಲ. ಯಾರು ತಾನೆ ಬರ್ತಾರೆ?"

ಅಕುಲಿನಾ ಬಟ್ಟಲು ಕೆಳಗಿಟ್ಟು, "ನಾನೆಲ್ಲಿಗೆ ಹೋಗ್ತೀನಿ, ಇಲ್ಲೇ ಇರ್ತೀನಲ್ಲ" ಎಂದಳು.

ಹೀಗೆ ಅವಳ ಪಾಲಿಗೆ ಅರವತ್ತು ಕಂದುಬಣ್ಣದ ಬಾಟಲಿ, ಸೋಸುವ ಕಾಗದ, ಒಂದು ಕೈಪಂಪು ಬಂದವು. ದಡದಂಚಿನಲ್ಲಿ ಗೂಟಗಳನ್ನು ನೆಟ್ಟು, ಅಂಚು ಎಷ್ಟು ಹಿಂದೆ ಸರಿಯಿತು ಎಂದು ಅಳೆಯುವ ಕೆಲಸವೂ ಬಂತು. ಮರುವರ್ಷ ಮೇ ಕೊನೆಯ ವಾರದಲ್ಲಿ ಮಂಜುಗಡ್ಡೆ ಗುಡುಗಿ ಒಡೆಯಿತು. ಅವಳ ದೋಣಿಯ ಮೋಟಾರು ಕೆಟ್ಟು ಕೂತಿದ್ದರಿಂದ ತಮ್ಮ ಸ್ಪಿರಿದೋನ್‌ನನ್ನು ಕರೆದಳು. ಅವನು ಬಂದ, ಆದರೆ ಬಾಯಿ ಸುಮ್ಮನಿರಲಿಲ್ಲ.

"ಜನ ನದಿಗೆ ಮೀನಿಗೋಸ್ಕರ ಹೋಗ್ತಾರೆ. ನನ್ನ ಅಕ್ಕ ನೋಡಿ, ಕೆಸರು ನೀರಿಗೋಸ್ಕರ ಪ್ರಾಣ ಒತ್ತೆ ಇಡ್ತಾಳೆ."

"ಮಾತು ಕಮ್ಮಿ ಮಾಡು, ಮುಂದೆ ನೋಡು. ಮತ್ತೆ ನಿನ್ನ ಮನೆ ವಿಷಯ ಏನು ಮಾಡ್ದೆ? ಅಂಚಿಗೆ ಇಪ್ಪತ್ತು ಹೆಜ್ಜೆ ಕೂಡ ಇಲ್ಲ."

"ನಿನ್ನ ಗೂಟಾನೇ ಕೇಳು ಹೋಗು. ಈ ವರ್ಷ ಒಂದು ಬೆರಳಷ್ಟೂ ಸರಿದಿಲ್ಲ ಅಂತ ನಿನ್ನೆ ನೀನೇ ಬರ್ದೆ."

ಅದು ನಿಜವಾಗಿತ್ತು.

ಜೂನ್ ಎರಡರಂದು ಮಧ್ಯಾಹ್ನ ನದಿಯ ನಡುವಿನ ನೀರು ತುಂಬಿಸಿಕೊಂಡಾಯಿತು. ಮಣ್ಣಿನ ಗೋಡೆಯ ಬುಡದಿಂದ, ಅಂದರೆ ನಮ್ಮೂರಿನ ದಡದ ಕೆಳಗಿನಿಂದ, ಇನ್ನೊಂದು ಬಾಟಲಿ ಬೇಕಿತ್ತು. ಆ ಕಡೆ ತಿರುಗುವಾಗ ಒಂದು ಮಂಜುಗಡ್ಡೆ ಮೋಟಾರಿನ ಪಂಖಕ್ಕೆ ಬಡಿಯಿತು. ಮೋಟಾರು ಒಮ್ಮೆ ಕಿರುಚಿ ನಿಂತುಹೋಯಿತು. ಹಿಂದಿನಿಂದ ಮನೆಯಷ್ಟು ದೊಡ್ಡ ಗಡ್ಡೆಗಳು ದೋಣಿಯನ್ನು ನೂಕಿಕೊಂಡು ನೇರ ಗೋಡೆಯ ಬಳಿಗೆ ತಂದವು.

ಅಲ್ಲಿ ಗೋಡೆಯೇ ಇರಲಿಲ್ಲ. ಪ್ರವಾಹದ ನೀರು ಬುಡವನ್ನು ಕೊರೆದು ದೊಡ್ಡ ಗವಿ ಮಾಡಿತ್ತು. ದೋಣಿ ಅದರ ಬಾಯಿಯೊಳಗೆ ಸರಿದು ನಿಂತಿತು. ಒಳಗೆ ಕಪ್ಪು ಮಂಜುಗಡ್ಡೆ ಮಿನುಗುತ್ತಿತ್ತು, ಎಲ್ಲ ಕಡೆಯಿಂದ ಕೆಸರು ತೊಟ್ಟಿಕ್ಕುತ್ತಿತ್ತು. ಹಳೆಯ ಕೊಟ್ಟಿಗೆಯ ವಾಸನೆ ಮೂಗಿಗೆ ಅಡರಿತು. ಸ್ಪಿರಿದೋನ್ ಹುಟ್ಟು ಹಿಡಿದವನು ತಲೆಯೆತ್ತಿ ನೋಡಿದ. ಗವಿಯ ಒಳತುದಿಯಲ್ಲಿ ಚಾವಣಿಯಿಂದ ನಾಲ್ಕು ಹಲಗೆಗಳು ಕೆಳಕ್ಕೆ ಇಳಿಬಿದ್ದಿದ್ದವು.

"ಅಕ್ಕಾ... ಅದು ನನ್ನ ನೆಲಮಾಳಿಗೆ ಕಣೇ. ಮೀನು ಇಡ್ತೀನಲ್ಲ, ಅದರ ತಳ."

ಆ ನೆಲಮಾಳಿಗೆ ಅವನ ಮನೆಯ ಹಿಂಬದಿಯಲ್ಲಿತ್ತು, ಅಂಚಿನಿಂದ ದೂರದ ಕಡೆ. ಅಂದರೆ ಗವಿ ಇಡೀ ಮನೆಯನ್ನು ದಾಟಿ ಆಚೆ ಹೋಗಿತ್ತು. ಮೇಲೆ ಅವನ ಹೆಂಡತಿ ಮಾತ್ರ್ಯೋನಾ ಒಬ್ಬಳೇ ಇದ್ದಳು.

ಮುಷ್ಟಿ ಗಾತ್ರದ ಮಣ್ಣಿನ ಹೆಂಟೆಯೊಂದು ಅವರಿಬ್ಬರ ನಡುವೆ ಬಿತ್ತು. ಅಕುಲಿನಾ ಬಗ್ಗಿ ಬಾಟಲಿಯನ್ನು ನೀರಿಗೆ ಅದ್ದಿದಳು.

"ಹುಚ್ಚು ಹಿಡಿದಿದೆಯಾ ನಿಂಗೆ! ಬಿಡು ಅದನ್ನ!"

"ನೀನು ಗೋಡೆಗೆ ಹುಟ್ಟು ಕೊಟ್ಟು ಒತ್ತು. ತುಂಬೋವಷ್ಟರಲ್ಲಿ ಹೊರಗಿರ್ತೀವಿ" ಎಂದಳಂತೆ. ಬಾಟಲಿಗೆ ಮುಚ್ಚಳ ತಿರುಗಿಸಿದ ಮೇಲೆಯೇ ತಾನೂ ಹುಟ್ಟು ಹಿಡಿದೆ ಎಂದು ಆಮೇಲೆ ನನಗೆ ಹೇಳಿದಳು.

ಇಬ್ಬರೂ ಹುಟ್ಟು ಊರಿ ದೋಣಿಯನ್ನು ಹೊರಗೆ ತಂದರು. ಕೆಳಗಡೆಯ ಕೊರಕಲಲ್ಲಿ ದಡ ಹತ್ತಿ ಓಡಿದರು. ನಾನು ಶಾಲೆಯಿಂದ ಬರುತ್ತಿದ್ದೆ. ಅಕುಲಿನಾ ಬೊಬ್ಬೆ ಹೊಡೆಯುತ್ತಾ ಬರುವುದನ್ನು ಕಂಡು ಅವಳ ಹಿಂದೆ ನಾನೂ ಓಡಿದೆ.

"ಮಾತ್ರ್ಯೋನಾ! ಹೊರಗೆ ಬಾ! ಈಗಲೇ ಬಾ!"

ಮಾತ್ರ್ಯೋನಾ ಬಾಗಿಲಲ್ಲಿ ಸೌಟು ಹಿಡಿದು ಕಾಣಿಸಿಕೊಂಡಳು. ಮಂಡಿನೋವಿನ ಹೆಂಗಸು. "ಯಾಕೆ ಊರು ಹತ್ತಿ ಉರೀತಿರೋ ಹಾಗೆ ಕೂಗ್ತಿದ್ದೀಯ? ಬಾಣಲೆ ಮೇಲೆ ಅಲಾದಿ ರೊಟ್ಟಿ ಇದೆ, ಸೀದು ಹೋಗ್ತದೆ."

"ಸೀದ್ರೆ ಸೀಯ್ಲಿ! ನಿನ್ನ ಮನೆ ಅಡಿ ನೆಲ ಇಲ್ಲ!"

"ಕುಡಿದಿದ್ದೀರಾ ಇಬ್ಬರೂ?" ಎಂದು ಅವಳು ಒಳಗೆ ತಿರುಗಿದಳು. ಅಕುಲಿನಾ ಒಳಗೆ ನುಗ್ಗಿ, ಅವಳನ್ನು ಕಂಕುಳಿಗೆ ಕೈಹಾಕಿ ಎಳೆದುಕೊಂಡು ಬಂದಳು. ಇನ್ನೊಂದು ಕಡೆ ನಾನು ಹಿಡಿದೆ. ಬೇಲಿ ದಾಟುವಾಗ ಕಾಲಡಿಯ ಹುಲ್ಲು ಬಟ್ಟೆ ಹರಿದಂತೆ ಸರ್ರನೆ ಸೀಳಿತು. ಬಿರುಕು ನಮ್ಮ ಹಿಂದೆ ಉಳಿಯಿತು. ಸ್ಪಿರಿದೋನ್ ಇನ್ನೂ ಅಂಗಳದಲ್ಲಿದ್ದ.

"ಬಂದೂಕು! ಅಪ್ಪನ ಬಂದೂಕು ಒಳಗಿದೆ!" ಎಂದು ಅವನು ಬಾಗಿಲ ಕಡೆ ತಿರುಗಿದ. ಅಕುಲಿನಾ ಮತ್ತೆ ಬಿರುಕು ದಾಟಿದಳು. ಅವನ ಕಾಲರು ಹಿಡಿದು ಕಪಾಳಕ್ಕೊಂದು ಕೊಟ್ಟಳು, ಐವತ್ತು ದಾಟಿದ ಗಂಡಸಿಗೆ. ಅವನು ಅವಳ ಹಿಂದೆ ಬಂದ.

ನಾಲ್ವರೂ ರಸ್ತೆಯಲ್ಲಿ ನಿಂತು ನೋಡುತ್ತಿದ್ದಂತೆ ಚಿಮಣಿ ಓರೆಯಾಯಿತು. ಹೊಗೆ ಇನ್ನೂ ಬರುತ್ತಿತ್ತು. ಆಮೇಲೆ ಮನೆ, ಅಂಗಳ, ಬೇಲಿ ಎಲ್ಲ ಒಟ್ಟಿಗೆ, ಮೆಲ್ಲಗೆ ಬಾಗಿ ಹೋದವು. ಸದ್ದು ಬಂದದ್ದು ಕೊನೆಗೆ, ಕೆಳಗೆ ನೀರು ತಾಗಿದಾಗ.

ಮಾತ್ರ್ಯೋನಾಳ ಕೈಯಲ್ಲಿ ಸೌಟು ಹಾಗೇ ಇತ್ತು. "ಒಲೆ ಆರಿಸಲಿಲ್ಲ" ಎಂದಳು, ಆಮೇಲೆ ಅಳತೊಡಗಿದಳು.

ಅಂದು ಸಂಜೆ ಎಂಟಕ್ಕೆ ಅಳತೆಕೋಲಿನ ಬಳಿ ಯಾರೂ ಹೋಗಲಿಲ್ಲ. ಮರುದಿನವೂ ಇಲ್ಲ. ಅಕುಲಿನಾಳ ಪುಸ್ತಕದಲ್ಲಿ ಇಪ್ಪತ್ತೇಳು ವರ್ಷದಲ್ಲಿ ಖಾಲಿ ಉಳಿದದ್ದು ಆ ಮೂರು ಸಾಲು ಮಾತ್ರ. ಮೂರನೇ ದಿನ ಸ್ಪಿರಿದೋನ್ ಮೋಟಾರು ಸರಿಮಾಡಿಕೊಂಡು ಬಂದು ಅವಳ ಬಾಗಿಲು ತಟ್ಟಿದ. "ನಡಿ, ಬಾಟಲಿ ತಗೋ. ಬಿದ್ದ ಜಾಗದಲ್ಲಿ ನೀರು ಮಸಿಯಾಗಿದೆ" ಎಂದ. ಆಮೇಲೆ ಹದಿನಾರು ದಿನ, ಒಂದು ದಿನವೂ ಕೊಂಕು ಆಡದೆ ದೋಣಿ ನಡೆಸಿದ.

ಡಿಸೆಂಬರಿನಲ್ಲಿ ತುಯಾರಾ ಫೋನ್ ಮಾಡಿದಾಗ ನಾನೂ ಅಲ್ಲಿದ್ದೆ. ನದಿಯ ನಡುವಿನ ನೀರಿನಲ್ಲಿದ್ದ ಇಂಗಾಲ ಬಹುಪಾಲು ಹೊಸದು, ಈಚಿನ ವರ್ಷಗಳ ಎಲೆ ಹುಲ್ಲಿನದು. ಗವಿಯಲ್ಲಿ ತುಂಬಿಸಿದ ಬಾಟಲಿಯದು ಮಾತ್ರ ಇಪ್ಪತ್ತೊಂದು ಸಾವಿರ ವರ್ಷ ಹಳೆಯದು.

"ಅಷ್ಟು ಹಳೇದು ಸಮುದ್ರ ಸೇರ್ತದಾ?" ಅಕುಲಿನಾ ಕೇಳಿದಳು.

"ಸ್ವಲ್ಪವೇ ಸೇರೋದು ಅಕ್ಕಾ. ಅದು ಸೂಕ್ಷ್ಮಜೀವಿಗಳಿಗೆ ಹಬ್ಬದೂಟ. ನಿಮ್ಮ ನೀರನ್ನ ಬೆಚ್ಚಗೆ ಇಟ್ಟು ನೋಡಿದೆವು, ಎರಡು ವಾರದಲ್ಲಿ ಮೂರರಲ್ಲೊಂದು ಪಾಲು ತಿಂದು ಮುಗಿಸಿದ್ದವು. ಒಂದಷ್ಟು ಕೆಸರಾಗಿ ತಳ ಸೇರ್ತದೆ, ಮಿಕ್ಕಿದ್ದು ದಾರೀಲೇ ಗಾಳಿಗೆ ಹೋಗ್ತದೆ. ಗಾಳಿ ಇನ್ನಷ್ಟು ಬಿಸಿಯಾಗ್ತದೆ, ನೆಲ ಇನ್ನಷ್ಟು ಕರಗ್ತದೆ."

ಅಕುಲಿನಾ ಫೋನ್ ಇಟ್ಟು ತನ್ನ ಗೂಟದ ಲೆಕ್ಕದ ಪುಸ್ತಕ ತೆಗೆದುಕೊಂಡಳು. ಆಮೇಲೆ ಊರ ಸಭೆಗೆ ಹೋಗಿ, ಗೂಟದ ಲೆಕ್ಕ ನಂಬಿ ಕೂತದ್ದು ತನ್ನ ತಪ್ಪು, ದಡವನ್ನು ಇನ್ನು ನೀರಿನ ಕಡೆಯಿಂದಲೇ ನೋಡಬೇಕು ಎಂದು ಎಲ್ಲರೆದುರು ಹೇಳಿದಳು. ಆ ಚಳಿಗಾಲದಲ್ಲಿ ಏಳು ಮನೆಗಳ ದಿಮ್ಮಿ ಬಿಚ್ಚಿ, ಟ್ರ್ಯಾಕ್ಟರಿಗೆ ಕಟ್ಟಿ, ಹಿಮದ ಮೇಲೆ ಕಾಡಿನ ಕಡೆಗೆ ಎಳೆದೆವು. ಸ್ಪಿರಿದೋನ್ ಅಲ್ಲೇ ಹೊಸ ಮನೆ ಕಟ್ಟಿದ್ದಾನೆ.

ಶಾಲೆಯನ್ನು ಇನ್ನೂ ಸಾಗಿಸಿಲ್ಲ. ಅಂಚಿನಿಂದ ಎಪ್ಪತ್ತು ಹೆಜ್ಜೆ ಇದೆ. ಈಗ ಮತ್ತೆ ಮೇ ತಿಂಗಳು, ಮಂಜುಗಡ್ಡೆ ಮೊನ್ನೆ ಒಡೆದಿದೆ. ದಿನವೂ ಅಕುಲಿನಾ ದಡದ ಕೆಳಗೆ ಹೋಗಿ ಬಂದು, "ಇವತ್ತು ಪಾಠ ಮಾಡು" ಎಂದ ಮೇಲೆಯೇ ನಾನು ಬಾಗಿಲಿನ ಬೀಗ ತೆಗೆಯುವುದು.