ಮೋರೆಟ್ ವಾಚಿಗೆ ಲೈಫ್‌ಟೈಮ್ ಗ್ಯಾರಂಟಿ

ಕ್ಯಾಮಿಲಸ್ ಪಾಯ್ಸರು ಫ್ರಾನ್ಸ್ ದೇಶವನ್ನು ಕಂಡವರಲ್ಲ. ಆದರೂ ಗಲ್ಫಿನ ದೇರಾದ ನೈಫ್ ರಸ್ತೆಯಲ್ಲಿ ಮೂವತ್ತನಾಲ್ಕು ವರ್ಷಗಳಿಂದ ಆ ದೇಶದ ಮರ್ಯಾದೆಯೆಲ್ಲ ತಮ್ಮ ಹೆಗಲ ಮೇಲಿದೆ ಎಂಬಂತೆ ಕುಳಿತಿದ್ದರು. ಕರಾವಳಿಯ ಶಿರ್ವದಿಂದ ಬಂದ ಹೊಸತರಲ್ಲಿ ಅವರಿಗೆ ಸಿಕ್ಕಿದ್ದು ಮೋರೆಟ್ ವಾಚಿನ ಶೋರೂಮಿನಲ್ಲಿ ಸೇಲ್ಸ್‌ಮನ್ ಕೆಲಸ. ಫ್ರೆಂಚರು ಕೊನೆಯ 'ಟಿ' ಹೇಳುವುದಿಲ್ಲ ಎಂದು ಯಾರೋ ಕಿವಿಗೆ ಹಾಕಿದ ಮೇಲೆ ಅವರು ಗತ್ತಿನಿಂದ "ಮೋರೆ" ಎನ್ನತೊಡಗಿದರು. ಗಿರಾಕಿಗಳೆಲ್ಲ ಊರಿನವರೇ. "ಹೊಸ ಮೋರೆ ಬಂದಿದೆ, ನೋಡಿ" ಎಂದರೆ ವಾಚು ಬಿಟ್ಟು ಪಾಯ್ಸರ ಮುಖವನ್ನೇ ನೋಡುತ್ತಿದ್ದರು.

ಫ್ರಾನ್ಸಿನ ಗುಡ್ಡಗಾಡಿನ ಸಣ್ಣ ಊರೊಂದರಲ್ಲಿ ಅಣ್ಣತಮ್ಮಂದಿರಿಬ್ಬರು ಕಟ್ಟಿದ ಕಂಪೆನಿಯಂತೆ ಅದು. ಪ್ಲಾಸ್ಟಿಕ್ ಕೇಸು, ಗಿಳಿಹಸಿರು ಇಲ್ಲವೇ ಕುಂಕುಮಗೆಂಪು ಬೆಲ್ಟು, ಲೇಬರ್ ಕ್ಯಾಂಪಿನವನ ಕೈಗೂ ಎಟಕುವ ಬೆಲೆ. ಶುಕ್ರವಾರ ಜೆಬೆಲ್ ಅಲಿಯ ಕ್ಯಾಂಪಿನಿಂದ ಬಂದಿಳಿದವರು ಊರಿಗೆ ಹೋಗುವ ಮುನ್ನ ಹಾಲಿನ ಪುಡಿ, ಸೆಂಟು, ಟಾರ್ಚಿನ ಜೊತೆ ಆರಾರು ಮೋರೆಟ್ ಕಟ್ಟಿಸಿಕೊಳ್ಳುತ್ತಿದ್ದರು. ಊರಲ್ಲಿ ಕಾಪುವಿನಿಂದ ಬೆಳ್ಮಣ್ಣಿನವರೆಗೆ ಒಂದು ಕಾಲಕ್ಕೆ ಜನ ಹೊತ್ತು ನೋಡಿದ್ದೆಲ್ಲ ತಮ್ಮ ದಯೆಯಿಂದಲೇ ಎಂದು ಪಾಯ್ಸರು ಈಗಲೂ ನಂಬಿದ್ದಾರೆ.

ಆಮೇಲೆ ಮೊಬೈಲ್ ಬಂತು. ಅದರ ಹಿಂದೆಯೇ ಫ್ರಾನ್ಸಿನಿಂದ ಒಂದು ಪುಟದ ಫ್ಯಾಕ್ಸ್ ಬಂತು: ಫ್ಯಾಕ್ಟರಿ ಖಲಾಸ್. ಶೋರೂಮು ಮುಚ್ಚಿತು. ಪಾಯ್ಸರು ಒಂದು ಮೊಬೈಲ್ ಅಂಗಡಿಯ ಮೂಲೆಯಲ್ಲೇ ಗಾಜಿನ ಕೌಂಟರಿಟ್ಟು ರಿಪೇರಿಗೆ ಕುಳಿತರು. ಬೇರೆ ವಾಚಿಗೆ ದುಡ್ಡು, ಮೋರೆಟ್‌ಗೆ ಪುಕ್ಕಟೆ. ಯಾಕೆಂದರೆ ಮಾರುವಾಗ ಪ್ರತಿಯೊಬ್ಬರಿಗೂ "ಲೈಫ್‌ಟೈಮ್ ಗ್ಯಾರಂಟಿ" ಎಂದಿದ್ದರು. ಪೆಟ್ಟಿಗೆಯೊಳಗಿನ ಕಾರ್ಡು ಫ್ರೆಂಚಿನಲ್ಲಿತ್ತು. ಅಷ್ಟುದ್ದ ಬರೆದವರು ಸಣ್ಣ ಮಾತು ಆಡಿರಲಾರರು ಎಂಬುದೇ ಅವರ ಅನುವಾದ.

ಮೊನ್ನೆ, ವೀಸಾ ಕ್ಯಾನ್ಸಲ್ ಮಾಡಿ ಊರಿಗೆ ಹೊರಡಲು ಹತ್ತು ದಿನವಿದೆ ಎನ್ನುವಾಗ, ಸಾಮಾನು ಕಟ್ಟುತ್ತಿದ್ದ ಮಗಳು ಶಾರನ್ ಕೈಗೆ ಅಂಥದ್ದೊಂದು ಕಾರ್ಡು ಸಿಕ್ಕಿತು. ಅವಳು ಶಾಲೆಯಲ್ಲಿ ಫ್ರೆಂಚ್ ಕಲಿತವಳು.

"ಪಪ್ಪಾ, ಇಟ್ ಸೇಸ್ ಒನ್ ಇಯರ್. ಓನ್ಲಿ ಒನ್."

"ಸರಿ ಓದು ಮಗಾ. ಕೆಳಗೆ ನೋಡು."

"ಕೆಳಗೆ, ನೀರು ತಾಗಿದ್ರೆ ಅದೂ ಇಲ್ಲ ಅಂತ ಉಂಟು."

ಹೆಂಡತಿ ಬೆಟ್ಟಿ ನಗಲೂ ಇಲ್ಲ. "ಇಷ್ಟು ವರ್ಷ ಫ್ರಾನ್ಸಿಗೆ ಪುಕ್ಕಟೆ ದುಡಿದ್ರಲ್ಲ, ಅಲ್ಲಿಂದ ಪೆನ್ಶನ್ ಕೇಳಿ" ಎಂದರು.

ಆ ದಿನ ಪಾಯ್ಸರಿಗೆ ಅನ್ನ ಸೇರಲಿಲ್ಲ. ದುಡಿದದ್ದಕ್ಕೆ ಬೇಸರವಿಲ್ಲ. ಊರಿಡೀ ಸುಳ್ಳು ಹಂಚಿ ಬಂದೆನಲ್ಲ, ಈಗ ಅಲ್ಲಿಗೆ ಹೋಗಿ ಯಾವ ಮೋರೆ ಹೊತ್ತು ತಿರುಗುವುದು?

ಮರುದಿನ ಅಬುಧಾಬಿಯ ಅಲ್ ಮೀನಾ ತರಕಾರಿ ಮಾರ್ಕೆಟಿನಿಂದ ಉಚ್ಚಿಲದ ಮೊಯ್ದಿನಬ್ಬ ಬಸ್ಸು ಹಿಡಿದು ಬಂದರು. ಪಾಯ್ಸರ ಮೊದಮೊದಲ ಗಿರಾಕಿ. ಊರಿನಿಂದ ಹೆಂಡತಿ ಹಫೀಝಾ ಕಳುಹಿಸಿದ ಕೆಂಪು ಮೋರೆಟನ್ನು ಕರ್ಚೀಫಿನಿಂದ ಬಿಚ್ಚಿ ಕೌಂಟರಿನ ಮೇಲಿಟ್ಟರು.

"ಪುನಃ ನಿಂತಿದೆ ಪೊರ್ಬುಗಳೇ. ಗ್ಯಾರಂಟಿ ಉಂಟಲ್ಲ?"

ಅವರ ಊರ ಕಡೆ ಕ್ರಿಶ್ಚಿಯನ್ನರು ಪೊರ್ಬುಗಳು, ಮುಸ್ಲಿಮರು ಬ್ಯಾರಿಗಳು. ಪಾಯ್ಸರು ಕಣ್ಣಿಗೆ ಸಿಕ್ಕಿಸಿದ ಭೂತಗನ್ನಡಿ ತೆಗೆಯಲಿಲ್ಲ. ಬರಿಗಣ್ಣಲ್ಲಿ ಹೇಳುವ ಧೈರ್ಯ ಬರಲಿಲ್ಲ.

"ಬ್ಯಾರಿಗಳೇ, ಆ ಗ್ಯಾರಂಟಿ ಒಂದೇ ವರ್ಷದ್ದಂತೆ. ನಾನು ಹೇಳಿದ್ದು ತಪ್ಪು."

"ಗೊತ್ತುಂಟು."

"ಎಂತ ಗೊತ್ತುಂಟು?"

"ನಮ್ಮ ಮಾರ್ಕೆಟಿನಲ್ಲಿ ಟೊಮೆಟೊ ಇಳಿಸುವ ಮೊರೊಕ್ಕೊದವ ಒಬ್ಬ ಇದ್ದ. ಅವನಿಗೆ ಫ್ರೆಂಚ್ ಬರ್ತಿತ್ತು, ತೊಂಬತ್ತಮೂರರಲ್ಲೇ ಕಾರ್ಡು ಓದಿ ಹೇಳಿದ್ದಾನೆ."

"ಮತ್ತೆ ನಂಗೆ ಹೇಳ್ಲಿಲ್ಲ ಯಾಕೆ ಮಾರಾಯ್ರೆ? ಇಷ್ಟು ವರ್ಷ ಪುಕ್ಕಟೆ ಮಾಡಿಸಿಕೊಂಡ್ರಿ!"

"ಎಂತ ಪುಕ್ಕಟೆ? ಬಸ್ಸಿಗೆ ಕೊಟ್ಟದ್ರಲ್ಲಿ ನಾಲ್ಕು ಹೊಸ ವಾಚ್ ಬರ್ತಿತ್ತು." ಮೊಯ್ದಿನಬ್ಬ ಸ್ಟೂಲು ಎಳೆದು ಕುಳಿತರು. "ನೀವು ಲೈಫ್‌ಟೈಮ್ ಅನ್ನುವಾಗ ಎದೆ ಇಷ್ಟು ಉಬ್ತಿತ್ತು. ಅದಕ್ಕೆ ಸೂಜಿ ಚುಚ್ಚುವುದಾ? ಮತ್ತೆ, ರಜೆಯ ದಿನ ನಾನು ಬೇರೆಲ್ಲಿಗೆ ಹೋಗುವುದು?"

ಪಾಯ್ಸರು ವಾಚು ಬಿಚ್ಚಿದರು. ಒಳಗಿನ ಮೆಶಿನು ಸತ್ತಿತ್ತು. ಅಂಥದ್ದು ಇನ್ನೆಲ್ಲೂ ಸಿಗದು. ಒಂದು ಚೀನಾ ಮೆಶಿನನ್ನು ಹೇಗೋ ಕೂರಿಸಿದರು.

"ಸೆಕೆಂಡಿನ ಮುಳ್ಳು ಇರುವುದಿಲ್ಲ."

"ಅವಳಿಗೆ ಸೆಕೆಂಡು ಎಂತಕ್ಕೆ?"

ವಾಚು ಓಡಿತು. ಪಾಯ್ಸರು ಅದನ್ನು ಕಿವಿಗಿಟ್ಟು ಕೇಳಿ, ಒರೆಸಿ ಕೊಟ್ಟರು. "ಇನ್ನು ನಿಂತ್ರೆ ಹಫೀಝಾ ಶಿರ್ವಕ್ಕೆ ಬರ್ಲಿ. ಚರ್ಚಿನ ಹತ್ರ ಕೇಳಿದ್ರೆ ನಮ್ಮ ಮನೆ ತೋರಿಸ್ತಾರೆ."

"ಗ್ಯಾರಂಟಿ?"

"ಲೈಫ್‌ಟೈಮ್. ಫ್ರಾನ್ಸಿನದ್ದಲ್ಲ, ನನ್ನದು."

ಮೊಯ್ದಿನಬ್ಬ ಅವರನ್ನು ಮೇಲಿನಿಂದ ಕೆಳಗೆ ಒಮ್ಮೆ ನೋಡಿದರು. "ಬಿ.ಪಿ. ಈಗ ಎಷ್ಟುಂಟು ನಿಮ್ಗೆ?" ಎಂದು ವಿಚಾರಿಸಿದರು.